ಆರ್ಕಿಟೆಕ್ಚರ್, ಡಿಸೈನ್ ವಿದ್ಯಾರ್ಥಿಗಳಿಗೆ ಸುರಕ್ಷತೆಯ ಪಾಠ: ಹಾಲ್‌ನಲ್ಲಿ ಹೇಳಬೇಕೋ, ಸ್ಟುಡಿಯೋದಲ್ಲಿ ಮಾಡಿಸಬೇಕೋ?

ಸ್ಟುಡಿಯೋ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ಸೆಮಿಸ್ಟರಿನಿಂದ ಮೂರನೇ ವರ್ಷದ ಆರ್ಕಿಟೆಕ್ಚರ್ ಮತ್ತು ಡಿಸೈನ್ ವಿದ್ಯಾರ್ಥಿಗಳಿಗೆ ಕೆಲಸದ ಜಾಗದ ಆರೋಗ್ಯ, ಸುರಕ್ಷತೆಯ ಪಾಠ ನನ್ನ ಪಾಲಿಗೆ ಬಂದಿದೆ. ಈಗಿನ ಪದ್ಧತಿ ನಿಮಗೆಲ್ಲ ಗೊತ್ತಿರುವಂಥದ್ದೇ. ವರ್ಷದ ಮೊದಲ ವಾರ ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸುತ್ತಾರೆ. ಹೆಲ್ಮೆಟ್ಟು, ಬೂಟು, ಬೆಂಕಿ ಆರಿಸುವ ಸಿಲಿಂಡರಿನ ಚಿತ್ರ ತೋರಿಸುತ್ತಾರೆ. ಕೊನೆಗೆ ಒಂದು ಹಾಳೆಗೆ ಸಹಿ. ಸುರಕ್ಷತೆ ಮುಗಿಯಿತು, ಇನ್ನು ಡಿಸೈನ್ ಶುರು ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ.

ಈ ಎರಡನ್ನೂ ಬೇರೆ ಮಾಡಿದ್ದೇ ತಪ್ಪು ಅಂತ ನನಗೆ ಅನಿಸುತ್ತದೆ. ಕಿಟಕಿ ಇಲ್ಲಿರಲಿ ಅಂತ ಗೆರೆ ಎಳೆದಾಗಲೇ ಅದನ್ನು ನಾಳೆ ಯಾರು, ಎಲ್ಲಿ ನಿಂತು ಒರೆಸಬೇಕು ಅನ್ನುವುದೂ ತೀರ್ಮಾನ ಆಗಿರುತ್ತದೆ. ಗೆರೆ ಎಳೆದವರಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಅಪಾಯ ತಡೆಯುವ ಕ್ರಮವನ್ನು ಸುರಕ್ಷತೆಯವರು ಐದು ಹಂತದಲ್ಲಿ ಹೇಳುತ್ತಾರೆ. ಮೊದಲು ಅಪಾಯವೇ ಇಲ್ಲದ ಹಾಗೆ ಮಾಡು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸು. ಅದೂ ಆಗದಿದ್ದರೆ ನಡುವೆ ಒಂದು ತಡೆ ಕಟ್ಟು. ಆಮೇಲೆ ನಿಯಮ, ತರಬೇತಿ. ಕಟ್ಟಕಡೆಗೆ ಹೆಲ್ಮೆಟ್ಟು, ಮಾಸ್ಕು. ನಾವು ಆ ಕಟ್ಟಕಡೆಯದರಿಂದ ಶುರು ಮಾಡಿ ಅಲ್ಲೇ ನಿಲ್ಲಿಸುತ್ತಿದ್ದೇವೆ. ಮೊದಲ ಎರಡು ಹಂತ ಹೆಚ್ಚುಕಡಿಮೆ ಡಿಸೈನ್ ಮಾಡುವವರ ಕೈಯಲ್ಲೇ ಇವೆ, ಆದರೆ ಅವರಿಗೆ ಅದನ್ನು ಯಾರೂ ಹೇಳುವುದಿಲ್ಲ.

ಈ ಪಾಠವನ್ನು ಸ್ಟುಡಿಯೋದ, ಅಂದರೆ ಡಿಸೈನ್ ಮಾಡಿಸುವ ತರಗತಿಯ, ಒಳಗೇ ತರಬೇಕು ಅಂತಿದ್ದೇನೆ. ಹೇಗೆ ಮಾಡಿದರೆ ಚೆನ್ನಾಗಿರುತ್ತದೆ? ವರ್ಕ್‌ಶಾಪ್ ನೋಡಿಕೊಳ್ಳುವವರು, ಸೈಟ್‌ನಲ್ಲಿರುವವರು, ವಿದ್ಯಾರ್ಥಿಗಳು, ಎಲ್ಲರೂ ಹೇಳಿ.

ವರ್ಕ್‌ಶಾಪ್ ಉಸ್ತುವಾರಿ

ಮೇಷ್ಟ್ರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಕಟ್ಟಡದ ಗೆರೆಗೆ ಹೋಗುವ ಮೊದಲು ಅವರ ಕೈಯಿಂದಲೇ ಶುರು ಮಾಡಿ. ಅವರ ಮೊದಲ ಕೆಲಸದ ಜಾಗ ಮಾಡೆಲ್ ಮಾಡುವ ಮೇಜು ತಾನೇ.

ಟೇಬಲ್ ಸಾ, ಅಂದರೆ ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ, ಅದೊಂದನ್ನೇ ತೆಗೆದುಕೊಳ್ಳಿ. ಬ್ಲೇಡಿಗೆ ಬೆರಳು ತಾಗುವುದೊಂದೇ ಅಪಾಯ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಹಲಗೆ ಬ್ಲೇಡಿನ ಹಿಂಭಾಗಕ್ಕೆ ಕಚ್ಚಿಕೊಂಡರೆ ಅದು ಎದುರಿಗೆ ನಿಂತವರ ಹೊಟ್ಟೆಗೇ ಹಾರಿ ಬರುತ್ತದೆ, ಹಲಗೆ ಹಿಡಿದ ಕೈಯನ್ನೂ ಬ್ಲೇಡಿನತ್ತ ಎಳೆದುಕೊಳ್ಳಬಹುದು. ಅದಕ್ಕೇ ಬ್ಲೇಡಿನ ಹಿಂದೆ ಒಂದು ತೆಳ್ಳನೆಯ ಲೋಹದ ತಗಡು ಇರುತ್ತದೆ, ಕೊಯ್ದ ಸೀಳು ಮತ್ತೆ ಮುಚ್ಚಿಕೊಳ್ಳದ ಹಾಗೆ ಅದು ತಡೆಯುತ್ತದೆ. ‘ಅಡ್ಡ ಬರುತ್ತೆ’ ಅಂತ ಅದನ್ನು ಬಿಚ್ಚಿಡುವವರೇ ಜಾಸ್ತಿ. ನಾನು ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ಹಲಗೆಯನ್ನು ಅರ್ಧ ಸೀಳಿನಲ್ಲಿ ನಿಲ್ಲಿಸಿ ಆ ತಗಡು ಏನು ಮಾಡುತ್ತಿದೆ ಅಂತ ಅವರ ಕೈಯಿಂದಲೇ ಮುಟ್ಟಿಸಿ ತೋರಿಸುತ್ತೇನೆ. ಅದಾದ ಮೇಲೆ ಯಾರೂ ಬಿಚ್ಚುವುದಿಲ್ಲ. ಇಷ್ಟನ್ನು ಸ್ಲೈಡಿನಲ್ಲಿ ತೋರಿಸಲಾಗುವುದಿಲ್ಲ.

ಇನ್ನೊಂದು, ತಿರುಗುವ ಮೆಷಿನ್ ಹತ್ತಿರ ಗ್ಲೌಸ್ ಹಾಕಬಾರದು. ಡ್ರಿಲ್, ಲೇತ್, ಎಲ್ಲದಕ್ಕೂ ಇದೇ ಮಾತು. ಬಟ್ಟೆ ಸಿಕ್ಕಿಕೊಂಡರೆ ಕೈ ಸಮೇತ ಎಳೆದುಕೊಳ್ಳುತ್ತದೆ. ‘ಸುರಕ್ಷತೆ ಅಂದರೆ ಗ್ಲೌಸ್’ ಅಂತ ಮೊದಲ ವಾರ ಹೇಳಿಕೊಟ್ಟ ಮಕ್ಕಳು ಗ್ಲೌಸ್ ಹಾಕಿಕೊಂಡೇ ಡ್ರಿಲ್ ಪ್ರೆಸ್ ಮುಂದೆ ಬಂದು ನಿಲ್ಲುತ್ತಾರೆ. ಕಾರಣ ಹೇಳದೆ ನಿಯಮ ಹೇಳಿದರೆ ಹೀಗೆಯೇ ಆಗುವುದು. ಉದ್ದ ಕೂದಲು, ದುಪಟ್ಟಾ, ಕುತ್ತಿಗೆಯ ಐಡಿ ಕಾರ್ಡಿನ ದಾರ, ಇವೂ ಅಷ್ಟೇ. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ಹೊತ್ತು ಒಬ್ಬಳೇ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯ ಕೂದಲು ಸಿಕ್ಕಿಕೊಂಡು ಅವಳು ತೀರಿಕೊಂಡಳು. ಓದಿನಲ್ಲಿ ತುಂಬಾ ಮುಂದಿದ್ದ ಹುಡುಗಿ. ಒಬ್ಬರೇ ಇದ್ದಾಗ ಮೆಷಿನ್ ಮುಟ್ಟಬೇಡಿ ಅಂತ ನಾನು ಹಟ ಹಿಡಿಯುವುದು ಇಂಥ ಕಾರಣಕ್ಕೇ.

ಲೇಸರ್ ಕಟ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಲಿ ಬ್ಲೇಡ್ ಇಲ್ಲ, ಸದ್ದಿಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ನಂಬಿಬಿಡುತ್ತಾರೆ. ಪಿವಿಸಿ ಶೀಟ್ ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ತೇವದ ಜೊತೆ ಸೇರಿದರೆ ಆಮ್ಲ. ಶ್ವಾಸಕೋಶವನ್ನೂ ಸುಡುತ್ತದೆ, ಮೆಷಿನ್ನಿನ ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ. ಅಕ್ರಿಲಿಕ್ಕೂ ಪಿವಿಸಿಯೂ ನೋಡಲು ಒಂದೇ ಥರ ಇರಬಹುದು. ಇದು ಯಾವ ಶೀಟ್ ಅಂತ ಖಚಿತವಾಗಿ ಹೇಳಲು ಆಗದಿದ್ದರೆ ನನ್ನ ಮೆಷಿನ್ನಿಗೆ ಅದು ಹೋಗುವುದಿಲ್ಲ, ಸಬ್ಮಿಷನ್ ನಾಳೆ ಇದ್ದರೂ ಸರಿ.

ಐದನೇ ವರ್ಷ

ಸರ್, ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಇದನ್ನೆಲ್ಲ ನಮಗೆ ಹೇಳಿಕೊಡುತ್ತಾರೆ, ನಾವೂ ಕೇಳುತ್ತೇವೆ. ಆದರೆ ಜ್ಯೂರಿಯ, ಅಂದರೆ ಡ್ರಾಯಿಂಗ್, ಮಾಡೆಲ್ ಎದುರಿಟ್ಟು ಪರೀಕ್ಷಕರಿಗೆ ವಿವರಿಸುವ ದಿನದ, ಹಿಂದಿನ ರಾತ್ರಿ ನಾವು ಹೇಗಿರುತ್ತೇವೆ ಅಂತ ಯಾರೂ ಕೇಳುವುದಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ, ಕೈಯಲ್ಲಿ ಕಟರ್, ಸ್ಟೀಲ್ ಸ್ಕೇಲ್ ಜಾರುತ್ತಿರುತ್ತದೆ, ಮೊಂಡಾದ ಬ್ಲೇಡ್ ಬದಲಿಸುವಷ್ಟೂ ತಾಳ್ಮೆ ಇಲ್ಲದೆ ಇನ್ನಷ್ಟು ಒತ್ತಿ ಕೊಯ್ಯುತ್ತೇವೆ, ಬೆರಳು ಹೋಗುವುದು ಆ ಒತ್ತಿನಲ್ಲೇ. ಕಿಟಕಿ ಮುಚ್ಚಿದ ರೂಮಿನಲ್ಲಿ ಸ್ಪ್ರೇ ಗಮ್, ಸ್ಪ್ರೇ ಪೇಂಟ್. ತಲೆನೋವು ಬಂದರೆ ನಿದ್ದೆಗೆಟ್ಟದ್ದಕ್ಕೆ ಅಂದುಕೊಳ್ಳುತ್ತೇವೆ.

17 ಗಂಟೆ ಸತತ ಎಚ್ಚರವಾಗಿದ್ದವರ ಗಮನ, ಕೈಯ ವೇಗ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದವರು ಗಾಡಿ ಓಡಿಸುವ ಹಾಗಿಲ್ಲ. ನಾವು ಆ ಸ್ಥಿತಿಯಲ್ಲಿ ಬ್ಲೇಡ್ ಹಿಡಿದು ಕೂತಿರುತ್ತೇವೆ, ಬೆಳಗ್ಗೆ ಅದೇ ಸ್ಥಿತಿಯಲ್ಲಿ ಬೈಕ್ ಹತ್ತುತ್ತೇವೆ. ‘ನಮ್ಮ ಕಾಲದಲ್ಲಿ ಮೂರು ರಾತ್ರಿ ಮಲಗುತ್ತಿರಲಿಲ್ಲ’ ಅಂತ ಹೆಮ್ಮೆಯಿಂದ ಹೇಳುವವರೂ ಜ್ಯೂರಿಯಲ್ಲಿ ಕೂತಿರುತ್ತಾರೆ. ಸುರಕ್ಷತೆ ಕಲಿಸುವವರೂ ನಿದ್ದೆಗೆಡುವುದನ್ನು ಹೊಗಳುವವರೂ ಒಂದೇ ಕಾಲೇಜಿನಲ್ಲಿ ಇರುವಾಗ ನಮಗೆ ಯಾವ ಪಾಠ ಅಂಟುತ್ತದೆ ಹೇಳಿ. ಮೊದಲು ಸಬ್ಮಿಷನ್ ವೇಳಾಪಟ್ಟಿ ಸರಿಮಾಡಿ ಅಂತ ಕೇಳಿಕೊಳ್ಳುತ್ತೇನೆ. ಎಲ್ಲ ವಿಷಯದ ಸಬ್ಮಿಷನ್ನೂ ಒಂದೇ ವಾರಕ್ಕೆ ಬೀಳದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಸ್ಟುಡಿಯೋ ಮೇಷ್ಟ್ರು

ನೀನು ಹೇಳಿದ್ದು ಸರಿಯಾಗಿದೆ, ಇದು ನೇರವಾಗಿ ನಮ್ಮ ಕಡೆಯ ಕೆಲಸ. ಮೇಲೆ ಬರೆದ ಐದು ಹಂತದ ಲೆಕ್ಕದಲ್ಲಿ ನೋಡಿದರೆ ‘ಎಚ್ಚರಿಕೆಯಿಂದ ಕೊಯ್ಯಿ’ ಅನ್ನುವುದು ನಾಲ್ಕನೇ ಹಂತ. ಸಬ್ಮಿಷನ್ನುಗಳನ್ನು ಬಿಡಿಸಿ ಹಾಕುವುದು ಮೊದಲನೇ ಹಂತ. ಮಾಡೆಲ್ ಸಬ್ಮಿಷನ್ ಮತ್ತು ಜ್ಯೂರಿಯ ನಡುವೆ ಎರಡು ದಿನ ಅಂತರ ಇಡುವ ವಿಷಯವನ್ನು ವಿಭಾಗದ ಸಭೆಯಲ್ಲಿ ಎತ್ತುತ್ತೇನೆ. ಜ್ಯೂರಿ ದಿನ ಬೆಳಗ್ಗೆ ಯಾರೂ ಅಂಟು ಹಚ್ಚುತ್ತಾ ಕೂರಬಾರದು.

ನಕ್ಷೆಗಾರ್ತಿ

ನಾನು ಪ್ರಾಕ್ಟೀಸ್ ಮಾಡುವವಳು. ಮೇಷ್ಟ್ರು ಕಿಟಕಿ ಒರೆಸುವ ಮಾತು ಎತ್ತಿದ್ದಾರಲ್ಲ, ಅದನ್ನೇ ಮುಂದುವರಿಸುತ್ತೇನೆ.

ತಾರಸಿಯ ಅಂಚನ್ನು ನೋಡಿ. ವಿದ್ಯಾರ್ಥಿಗಳು ಪ್ಯಾರಪೆಟ್ ಗೋಡೆಯನ್ನು ಎಲಿವೇಶನ್, ಅಂದರೆ ಹೊರಗಿನಿಂದ ಕಾಣುವ ನೋಟ, ನೋಡಿಕೊಂಡು ಎಳೆಯುತ್ತಾರೆ. ತೆಳ್ಳಗೆ ಕಾಣಲಿ ಅಂತ ಮೊಣಕಾಲೆತ್ತರಕ್ಕೆ ಇಳಿಸುತ್ತಾರೆ. ಅದೇ ತಾರಸಿ ಮೇಲೆ ನೀರಿನ ಟ್ಯಾಂಕ್, ಸೋಲಾರ್ ಪ್ಯಾನೆಲ್, ಏಸಿಯ ಹೊರ ಘಟಕ ಎಲ್ಲವನ್ನೂ ಇಡುತ್ತಾರೆ. ಅವುಗಳ ರಿಪೇರಿಗೆ ಬರುವವನು ಆ ಅಂಚಿನ ಪಕ್ಕದಲ್ಲೇ ಬಗ್ಗಿ ಕೆಲಸ ಮಾಡಬೇಕು. ಗೋಡೆಯನ್ನು ಸೊಂಟಕ್ಕಿಂತ ಸ್ವಲ್ಪ ಮೇಲಕ್ಕೆ, ಸುಮಾರು 1.1 ಮೀಟರ್‌ಗೆ ಏರಿಸಿದರೆ ಅವನಿಗೆ ಹಗ್ಗ, ಬೆಲ್ಟ್ ಯಾವುದೂ ಬೇಕಾಗುವುದಿಲ್ಲ. ಕಟ್ಟಡ ನಿಂತಿರುವಷ್ಟು ವರ್ಷವೂ ಆ ಗೋಡೆ ಸುಮ್ನೆ ತನ್ನ ಕೆಲಸ ಮಾಡುತ್ತಿರುತ್ತದೆ. ಅಥವಾ ಯಂತ್ರಗಳನ್ನು ಅಂಚಿನಿಂದ ದೂರ, ಮಧ್ಯಕ್ಕೆ ಸರಿಸಿದರೂ ಆಯಿತು, ಅದಕ್ಕೆ ಖರ್ಚೇ ಇಲ್ಲ. ಬೆಳಕಿಗಾಗಿ ಸೂರಿನಲ್ಲಿ ಇಡುವ ಸ್ಕೈಲೈಟ್ ಕೂಡ ಹಾಗೆಯೇ. ಧೂಳು ಕೂತ ಮೇಲೆ ಸೂರು ಯಾವುದು, ಪ್ಲಾಸ್ಟಿಕ್ ಶೀಟ್ ಯಾವುದು ಅಂತ ಮೇಲೆ ನಡೆಯುವವರಿಗೆ ತಿಳಿಯುವುದಿಲ್ಲ. ಕಾಲಿಟ್ಟರೆ ನೇರ ಕೆಳಗೆ. ಮನುಷ್ಯನ ಭಾರ ತಡೆಯುವ ಶೀಟ್, ಇಲ್ಲವೇ ಕೆಳಗೊಂದು ಜಾಲರಿ, ಇದು ಡೀಟೇಲ್ ಡ್ರಾಯಿಂಗ್‌ನಲ್ಲಿ ಒಂದು ಗೆರೆಯ ಕೆಲಸ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಉಕ್ಕಿನ ಕಟ್ಟಡಗಳ ನಿಯಮದಲ್ಲಿದೆ. ಬಹುಮಹಡಿ ಕಟ್ಟಡದಲ್ಲಿ ಸುತ್ತಂಚಿನ ಕಂಬಗಳನ್ನು ಫ್ಯಾಕ್ಟರಿಯಲ್ಲಿ ಮಾಡುವಾಗಲೇ, ಪ್ರತಿ ಮಹಡಿಯ ನೆಲದಿಂದ 42ರಿಂದ 45 ಇಂಚು ಎತ್ತರದಲ್ಲಿ ತೂತು ಬಿಟ್ಟಿರಬೇಕು. ಕಂಬ ನಿಂತ ಕೂಡಲೇ ಆ ತೂತುಗಳಲ್ಲಿ ತಂತಿಹಗ್ಗ ಪೋಣಿಸಿದರೆ ಗೋಡೆ ಬರುವ ತನಕ ಅದೇ ರೇಲಿಂಗ್. ಆ ತೂತನ್ನು ಡ್ರಾಯಿಂಗ್‌ನಲ್ಲಿ ತೋರಿಸಲು ಎಷ್ಟು ಹೊತ್ತು ಬೇಕು? ಮರೆತರೆ, ಯಾರೋ ಒಬ್ಬರು ಇಪ್ಪತ್ತನೇ ಮಹಡಿಯ ಅಂಚಿನಲ್ಲಿ ನಿಂತು ಡ್ರಿಲ್ ಹಿಡಿಯಬೇಕು.

ಬ್ರಿಟನ್ನಿನಲ್ಲಿ ಇದು ಕಾನೂನೇ ಆಗಿದೆ. 1994ರಲ್ಲಿ ರೂಪಿಸಿದ, ಕಟ್ಟಡ ಕೆಲಸದ ಸುರಕ್ಷತೆಯ ಸಿಡಿಎಂ ನಿಯಮಗಳು 2015ರಲ್ಲಿ ಮತ್ತೆ ಬದಲಾದವು. ಕಟ್ಟುವಾಗ, ನಿರ್ವಹಣೆ ಮಾಡುವಾಗ, ಕೆಡವುವಾಗ ಎದುರಾಗಬಹುದಾದ ಅಪಾಯಗಳನ್ನು ಡಿಸೈನ್‌ನಲ್ಲೇ ತೆಗೆದುಹಾಕುವುದು, ಆಗದಿದ್ದರೆ ತಗ್ಗಿಸುವುದು ಅಲ್ಲಿ ಡಿಸೈನರ್ ಕರ್ತವ್ಯ. ‘ಪ್ರಿನ್ಸಿಪಲ್ ಡಿಸೈನರ್’ ಅಂತ ಅದಕ್ಕೊಂದು ಹುದ್ದೆಯೇ ಇದೆ.

ಹಳೇ ಬ್ಯಾಚ್

ಎಲ್ಲ ಸರಿ, ಆದರೆ ಒಂದು ಆಕ್ಷೇಪ ಇದೆ. ಸೈಟ್‌ನಲ್ಲಿ ಹೇಗೆ ಕಟ್ಟಬೇಕು ಅನ್ನುವುದು ಕಾಂಟ್ರಾಕ್ಟರ್ ಜವಾಬ್ದಾರಿ. ಸಾರುವೆ ಹೇಗೆ ಕಟ್ಟಿದರು, ಬೆಲ್ಟ್ ಹಾಕಿದರೋ ಇಲ್ಲವೋ ಅಂತ ಆರ್ಕಿಟೆಕ್ಟ್ ಯಾಕೆ ನೋಡಬೇಕು? ಅದಕ್ಕೆ ಕೈಹಾಕಿದರೆ ನಾಳೆ ಅನಾಹುತ ಆದಾಗ ಕೋರ್ಟಿನಲ್ಲಿ ನಮ್ಮನ್ನೇ ನಿಲ್ಲಿಸುತ್ತಾರೆ ಅನ್ನುವ ಭಯ ಎಷ್ಟೋ ಕಚೇರಿಗಳಲ್ಲಿದೆ, ಆ ಭಯ ಸುಳ್ಳೂ ಅಲ್ಲ. ಎರಡನೆಯದು, ಮೂರನೇ ವರ್ಷದ ಹುಡುಗರು ಈಗಷ್ಟೇ ಧೈರ್ಯವಾಗಿ ಯೋಚಿಸಲು ಶುರು ಮಾಡಿರುತ್ತಾರೆ. ಅವರ ಪ್ರತಿ ಗೆರೆಗೂ ‘ಇಲ್ಲಿಂದ ಬಿದ್ದರೆ?’ ಅಂತ ಕೇಳುತ್ತಾ ಹೋದರೆ ಎಲ್ಲರೂ ಒಂದೇ ಥರದ ಡಬ್ಬಿ ಮಾಡಿಟ್ಟು ಹೋಗುತ್ತಾರೆ. ರಚನಾತ್ಮಕ ಲೆಕ್ಕ, ಕಾನೂನು, ಪರಿಸರ, ಈಗ ಸುರಕ್ಷತೆ, ಎಲ್ಲವನ್ನೂ ಸ್ಟುಡಿಯೋದೊಳಗೇ ತುರುಕಿದರೆ ಡಿಸೈನ್‌ಗೆ ಜಾಗ ಎಲ್ಲಿ ಉಳಿಯುತ್ತದೆ?

ಸೈಟ್ ಸೇಫ್ಟಿ

ಹಳೇ ಬ್ಯಾಚ್ ಸರ್, ನಿಮ್ಮ ಎರಡು ಮಾತಿಗೂ ಉತ್ತರ ಕೊಡಲು ನೋಡುತ್ತೇನೆ. ನಾನು ಸೈಟ್‌ನಲ್ಲಿ ಸುರಕ್ಷತೆ ನೋಡುವವನು.

ಬೆಲ್ಟ್ ಹಾಕಿಸುವುದು ನಮ್ಮ ಕೆಲಸ, ನಿಜ. ಬೆಲ್ಟಿನ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸಬೇಕು? ಅದಕ್ಕೊಂದು ಗಟ್ಟಿ ಆಧಾರ ಕಟ್ಟಡದಲ್ಲೇ ಇರಬೇಕಲ್ವಾ. ಡ್ರಾಯಿಂಗ್ ನನ್ನ ಕೈಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ನನ್ನ ಹತ್ತಿರ ಉಳಿಯುವುದು ಹೆಲ್ಮೆಟ್ಟು, ಬೋರ್ಡು, ಬೈಗುಳ ಇಷ್ಟೇ. 1997ರಲ್ಲಿ ಸಿಂಬರ್‌ಸ್ಕಿ ಎಂಬುವರು ಒಂದು ಗ್ರಾಫ್ ಹಾಕಿ ತೋರಿಸಿದ್ದು ಇದನ್ನೇ. ಪರಿಕಲ್ಪನೆಯ ಹಂತದಲ್ಲಿ ಸುರಕ್ಷತೆ ಮೇಲೆ ಪ್ರಭಾವ ಬೀರುವ ಶಕ್ತಿ ಅತಿ ಹೆಚ್ಚು, ಕೆಲಸ ಮುಂದೆ ಹೋದಂತೆ ಅದು ಸರ್ರನೆ ಇಳಿಯುತ್ತದೆ. 2005ರಲ್ಲಿ ಸಂಶೋಧಕ ಮೈಕೆಲ್ ಬೆಮ್ ಅಮೆರಿಕದ 224 ನಿರ್ಮಾಣ ಸಾವುಗಳನ್ನು ಒಂದೊಂದಾಗಿ ನೋಡಿದರು. ಅದರಲ್ಲಿ 42% ಸಾವುಗಳಿಗೆ ಡಿಸೈನ್ ಹಂತದ ಸುರಕ್ಷತೆಯ ಜೊತೆ ಸಂಬಂಧ ಕಂಡಿತು. ಇದರಿಂದ ಆರ್ಕಿಟೆಕ್ಟೇ ಕೊಂದರು ಅಂತ ಯಾರೂ ಹೇಳುತ್ತಿಲ್ಲ. ತಡೆಯುವ ಅವಕಾಶ ಅವರ ಮೇಜಿನ ಮೇಲೂ ಇತ್ತು ಅಂತ ಅಷ್ಟೇ.

ಕೋರ್ಟಿನ ಭಯದ ಬಗ್ಗೆ: ಸಾರುವೆ ಹೇಗೆ ಕಟ್ಟಬೇಕು ಅಂತ ಆರ್ಕಿಟೆಕ್ಟ್ ಹೇಳಬೇಕಾಗಿಲ್ಲ. ಸಾರುವೆ ಬೇಕೇ ಆಗದ ಹಾಗೆ ಡಿಸೈನ್ ಮಾಡಲು ಆಗುತ್ತದಾ ಅಂತ ನೋಡಲಿ. ಇವೆರಡೂ ಬೇರೆ ಬೇರೆ ಕೆಲಸ.

ಇನ್ನು ಧೈರ್ಯದ ಡಿಸೈನ್ ಬಗ್ಗೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕಟ್ಟಿದ ವೆಲೋಡ್ರೋಮ್ ನೋಡಿ, ಯಾರೂ ಅದನ್ನು ಡಬ್ಬಿ ಅನ್ನುವುದಿಲ್ಲ. ಅದರ ಸೂರು ತಂತಿಗಳ ಬಲೆ. ಆ ಬಲೆಯನ್ನು ಕೆಳಗೆ ಹರಡಿ ಜೋಡಿಸಿ ಆಮೇಲೆ ಮೇಲಕ್ಕೆ ಎತ್ತಿದರು, ಎತ್ತರದಲ್ಲಿ ತೂಗಾಡಿಕೊಂಡು ಮಾಡುವ ಕೆಲಸ ಅಷ್ಟು ಕಡಿಮೆಯಾಯಿತು. ಆ ಒಲಿಂಪಿಕ್ ಪಾರ್ಕಿನ ಅಷ್ಟು ದೊಡ್ಡ ಕಾಮಗಾರಿಯಲ್ಲಿ ಅಪಘಾತದಿಂದ ಒಬ್ಬ ಕಾರ್ಮಿಕನೂ ಸಾಯಲಿಲ್ಲ. ಹೇಗೆ ಕಟ್ಟುತ್ತಾರೆ ಅಂತ ಯೋಚಿಸಿದ್ದರಿಂದ ಆ ಡಿಸೈನ್ ಹಾಳಾಗಲಿಲ್ಲ.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಕೊಡಿ ಮೇಷ್ಟ್ರೇ. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಅವರ ಸೆಕ್ಷನ್ ಡ್ರಾಯಿಂಗ್‌ನಲ್ಲಿ ಮೂರು ಮಹಡಿ ಎತ್ತರದ ಒಂದು ಒಳಾಂಗಳ, ಅಂದರೆ ಏಟ್ರಿಯಂ, ಇರುತ್ತದೆ ಅಂತಿಟ್ಟುಕೊಳ್ಳಿ, ಮೇಲೆ ಸಾಲು ದೀಪ. ‘ಈ ಬಲ್ಬ್ ಹೋದರೆ ಬದಲಿಸುವವನನ್ನು ಈ ಸೆಕ್ಷನ್‌ನಲ್ಲಿ ಬಿಡಿಸು’ ಅನ್ನಿ. ಏಣಿ ಬಿಡಿಸಿದರೆ ಏಣಿ ಎಷ್ಟು ಉದ್ದ ಅಂತ ಸ್ಕೇಲ್ ಹಿಡಿದು ಅಳೆಯಲಿ. ಲಿಫ್ಟ್ ಇರುವ ಗಾಡಿ ತರುತ್ತೇನೆ ಅಂದರೆ ಅದು ಬಾಗಿಲಿನಲ್ಲಿ ಹಿಡಿಸುತ್ತದಾ, ನೆಲ ಅದರ ಭಾರ ತಡೆಯುತ್ತದಾ ನೋಡಲಿ. ಹೀಗೆ ಬಿಡಿಸುತ್ತಾ ಹೋದರೆ ಹೆಚ್ಚಿನವರು ತಾವಾಗಿಯೇ ದೀಪವನ್ನು ಪಕ್ಕದ ಗೋಡೆಗೆ ತರುತ್ತಾರೆ, ಇಲ್ಲವೇ ಕೈಯಿಂದ ಕೆಳಗಿಳಿಸಬಹುದಾದ ದೀಪ ಹುಡುಕುತ್ತಾರೆ. ಯಾರೂ ಉಪದೇಶ ಮಾಡಬೇಕಾಗುವುದಿಲ್ಲ.

ಪೀಠೋಪಕರಣ

ಇಲ್ಲಿಯ ತನಕ ಕಟ್ಟಡದ ಮಾತೇ ಬಂತು. ಪ್ರಾಡಕ್ಟ್, ಫರ್ನಿಚರ್, ಇಂಟೀರಿಯರ್ ಕಲಿಯುವವರೂ ಇದ್ದಾರಲ್ಲ, ಅವರ ಪರವಾಗಿ ಬರೆಯುತ್ತೇನೆ. ನಮ್ಮಲ್ಲಿ ಬೀಳುವ ಅಪಾಯಕ್ಕಿಂತ ಉಸಿರಾಡುವ, ಮುಟ್ಟುವ ಅಪಾಯ ಜಾಸ್ತಿ. ಅದು ಅಂದೇ ಗೊತ್ತಾಗುವುದಿಲ್ಲ, ಹಾಗಾಗಿ ಕಲಿಸುವುದೂ ಕಷ್ಟ.

ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ, ಕೊಯ್ದರೆ ಧೂಳು ಇನ್ನೂ ಸಣ್ಣ, ಅದರಲ್ಲಿ ಫಾರ್ಮಾಲ್ಡಿಹೈಡ್ ಇರುವ ಅಂಟೂ ಸೇರಿರುತ್ತದೆ. ನೆಲಕ್ಕೆ ಬಿದ್ದ ಹೊಟ್ಟು ಕಣ್ಣಿಗೆ ಕಾಣುತ್ತದೆ, ಅದನ್ನು ಗುಡಿಸುತ್ತೇವೆ. ಶ್ವಾಸಕೋಶದ ಆಳಕ್ಕೆ ಹೋಗುವ ಧೂಳು ಕಣ್ಣಿಗೆ ಕಾಣುವುದೇ ಇಲ್ಲ, ಒಣ ಪೊರಕೆಯಲ್ಲಿ ಗುಡಿಸಿದರೆ ಮತ್ತೆ ಗಾಳಿಗೇರುತ್ತದೆ. ಮೆಷಿನ್ ಬಾಯಿಯಲ್ಲೇ ಧೂಳು ಹೀರುವ ಪೈಪ್ ಇರಬೇಕು, ಮಾಸ್ಕ್ ಅದರ ನಂತರ.

ಮಾಸ್ಕ್ ಬಗ್ಗೆ ಇನ್ನೊಂದು ಗೊಂದಲ. ಎನ್95 ಧೂಳನ್ನು ತಡೆಯುತ್ತದೆ. ಥಿನ್ನರ್, ಸ್ಪ್ರೇ ಪೇಂಟ್, ರೆಸಿನ್‌ನ ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಿಲ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಇದು ಗೊತ್ತಿಲ್ಲದೆ ಎನ್95 ಹಾಕಿಕೊಂಡು ನಿಶ್ಚಿಂತೆಯಿಂದ ಸ್ಪ್ರೇ ಹೊಡೆಯುವವರನ್ನು ಎಲ್ಲ ಕಡೆ ನೋಡುತ್ತೇನೆ.

ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು ಎಪಾಕ್ಸಿ, ಅದರ ಕಥೆ ಬೇರೆ. ಹತ್ತು ಸಲ ಬರಿಗೈಯಲ್ಲಿ ಮುಟ್ಟಿದರೂ ಏನೂ ಆಗದಿರಬಹುದು, ಹನ್ನೊಂದನೇ ಸಲ ಕೈಯೆಲ್ಲ ದದ್ದು. ಒಮ್ಮೆ ದೇಹ ಹಾಗೆ ತಿರುಗಿಬಿದ್ದರೆ ಅಲರ್ಜಿ ಜೀವನಪೂರ್ತಿ ಉಳಿಯಬಹುದು. 3ಡಿ ಪ್ರಿಂಟರಿನ ದ್ರವ ರೆಸಿನ್ ಕೂಡ ಅದೇ ಜಾತಿಯದು. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಫೋಮ್, ಪೇಂಟ್‌ಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದರಿಂದ ಆಸ್ತಮಾ ಬಂದರೆ ಆಮೇಲೆ ಅದರ ಸ್ವಲ್ಪ ವಾಸನೆಗೂ ಉಸಿರು ಕಟ್ಟುತ್ತದೆ, ಆ ವೃತ್ತಿಯನ್ನೇ ಬಿಡಬೇಕಾಗಿ ಬರಬಹುದು. ಇಪ್ಪತ್ತು ವರ್ಷದ ಹುಡುಗಿಗೆ ಇದನ್ನು ಮೊದಲೇ ಹೇಳುವುದು ನಮ್ಮ ಕರ್ತವ್ಯ.

ಅಗಸೆ ಎಣ್ಣೆ, ಅಂದರೆ ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದರೆ ಅದು ತನ್ನಷ್ಟಕ್ಕೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಕಾಗಿಲ್ಲ. ಎಣ್ಣೆ ಒಣಗುವುದು ಅಂದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಬಿಡುವುದು. ಉಂಡೆಯ ಒಳಗಿನ ಬಿಸಿ ಹೊರಗೆ ಹೋಗಲು ಆಗದೆ ಏರುತ್ತಾ ಹೋಗುತ್ತದೆ. ಬಟ್ಟೆಯನ್ನು ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ನೀರಲ್ಲಿ ನೆನೆಸಿಡಿ.

ಡಿಸೈನರ್ ಆಯ್ಕೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಹೇಳುತ್ತೇನೆ. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲಿನಲ್ಲಿ 90%ಕ್ಕಿಂತ ಹೆಚ್ಚು ಸಿಲಿಕಾ ಇರುವಂಥವೂ ಇವೆ. ಅದನ್ನು ಒಣಗಿದ್ದಾಗಲೇ ಕೊಯ್ದು ಪಾಲಿಶ್ ಮಾಡಿದ ಯುವ ಕೆಲಸಗಾರರಿಗೆ ಸಿಲಿಕೋಸಿಸ್ ಬಂತು, ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಕ್ಯಾಟಲಾಗ್ ನೋಡಿ ಬಣ್ಣ ಆರಿಸುವ ವಿದ್ಯಾರ್ಥಿಗೆ, ಆ ಕಲ್ಲನ್ನು ಯಾರೋ ಕೊಯ್ಯುತ್ತಾರೆ ಅನ್ನುವುದು ಕಣ್ಣ ಮುಂದೆ ಬರಬೇಕು.

ಹಳೇ ಬ್ಯಾಚ್

ಸೇಫ್ಟಿಯವರೇ, ‘ಸಾರುವೆ ಬೇಕೇ ಆಗದ ಹಾಗೆ’ ಅಂದಿರಲ್ಲ, ಆ ವ್ಯತ್ಯಾಸ ಸರಿ ಇದೆ, ಒಪ್ಪಿದೆ. ಆದರೂ ಜಾಗದ ಪ್ರಶ್ನೆ ಉಳಿದೇ ಇದೆ. ಅಂಕ ಹೇಗೆ ಕೊಡುತ್ತೀರಿ? ಅಂಕ ಕೊಡದಿದ್ದರೆ ಮಕ್ಕಳು ನೋಡುವುದಿಲ್ಲ. ಕೊಟ್ಟರೆ ಅವರು ಜ್ಯೂರಿಗಾಗಿ ಒಂದು ಶೀಟ್ ಹೆಚ್ಚಿಗೆ ಅಂಟಿಸಿ ‘ಸುರಕ್ಷತೆ’ ಅಂತ ಬರೆದು ಬಿಡುತ್ತಾರೆ. ಹಸಿರು ಕಟ್ಟಡದ ವಿಷಯದಲ್ಲಿ ಆದದ್ದು ಇದೇ ತಾನೇ, ಎಲ್ಲ ಶೀಟಿನಲ್ಲೂ ಒಂದು ಸೂರ್ಯ, ಎರಡು ಬಾಣ.

ನಕ್ಷೆಗಾರ್ತಿ

ಇದು ನಿಜವಾದ ತೊಂದರೆ. ಬೇರೆ ಶೀಟನ್ನೇ ಕೇಳಬೇಡಿ ಅನ್ನುವುದು ನನ್ನ ಸಲಹೆ. ಇರುವ ಸೆಕ್ಷನ್, ಇರುವ ಡೀಟೇಲ್ ಮೇಲೆಯೇ ನೋಡಿ. ಡಿಸೈನ್ ಅದರಿಂದ ಎಲ್ಲಿ ಬದಲಾಯಿತು ಅಂತ ಮಾತ್ರ ಕೇಳಿ. ಪಾರದರ್ಶಕ ಹಾಳೆಯ ಮೇಲೆ ಮೊದಲ ಟ್ರೇಸಿಂಗ್ ಒಂದು, ಬದಲಾದ ಟ್ರೇಸಿಂಗ್ ಒಂದು, ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಲಿ. ಗೆರೆ ಕದಲಿದ್ದರೆ ಯೋಚಿಸಿದ್ದಾರೆ ಅಂತ ಅರ್ಥ. ಗೆರೆ ಕದಲದೆ ಟಿಪ್ಪಣಿ ಮಾತ್ರ ಬೆಳೆದಿದ್ದರೆ ಅಂಕ ಇಲ್ಲ.

ಜ್ಯೂರಿಗೆ ಒಬ್ಬ ಮೇಸ್ತ್ರಿಯನ್ನೋ, ಕಟ್ಟಡ ನಿರ್ವಹಣೆ ಮಾಡುವವರನ್ನೋ ಕರೆಸಿ. ನಾವು ಅರ್ಧ ಗಂಟೆ ಮಾತಾಡಿದರೂ ಹೊಳೆಯದ್ದನ್ನು ಅವರು ಡ್ರಾಯಿಂಗ್ ನೋಡಿದ ಕೂಡಲೇ ಕೇಳುತ್ತಾರೆ: ‘ಈ ಬೀಮ್ ಇಲ್ಲಿಗೆ ಹೇಗೆ ತರೋದು?’ ಪಕ್ಕದಲ್ಲಿ ಕ್ರೇನ್ ನಿಲ್ಲಲು ಜಾಗ ಇದೆಯಾ, ಎರಡು ಜನ ಎತ್ತುವಷ್ಟು ಭಾರದ್ದಾ, ಗಾಜು ಒಡೆದರೆ ಬದಲಿಸುವ ದಾರಿ ಯಾವುದು. ಅವರು ಬಂದ ದಿನದ ಗೌರವಧನ ಬೇರೆ ಜ್ಯೂರಿ ಸದಸ್ಯರಿಗೆ ಕೊಡುವಷ್ಟೇ ಇರಬೇಕು, ಇದನ್ನು ಒತ್ತಿ ಹೇಳುತ್ತೇನೆ.

ಐದನೇ ವರ್ಷ

ಇದೂ ಸೇರಲಿ ಅಂತ ನನ್ನ ಆಸೆ: ‘ನಿಲ್ಲಿಸಿ’ ಅಂತ ಹೇಳುವುದನ್ನು ಯಾರೂ ಕಲಿಸುವುದಿಲ್ಲ. ಇಂಟರ್ನ್‌ಶಿಪ್‌ಗೆ ಹೋದಾಗ ನಾವು ಅಲ್ಲಿ ಎಲ್ಲರಿಗಿಂತ ಚಿಕ್ಕವರು. ಆಳವಾಗಿ ಅಗೆದ ಗುಂಡಿಗೆ ಬದಿಯ ಆಸರೆ ಇಲ್ಲ ಅಂತ ಕಂಡರೂ ಯಾರಿಗೆ, ಹೇಗೆ ಹೇಳಬೇಕು ಅಂತ ಗೊತ್ತಿರುವುದಿಲ್ಲ. ಹೇಳಿದರೆ ಸರ್ಟಿಫಿಕೇಟ್ ಕೊಡುತ್ತಾರೋ ಇಲ್ಲವೋ ಅನ್ನುವ ಅಳುಕು ಬೇರೆ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕಟ್ಟಡ ಅಪಾಯದಲ್ಲಿದೆ ಅಂತ ಇಂಜಿನಿಯರ್ ಹೇಳಿಯೂ ಇದ್ದರು. ಕೆಳಗಿನ ಬ್ಯಾಂಕ್, ಅಂಗಡಿಗಳು ಮುಚ್ಚಿದವು, ಮೇಲಿನ ಬಟ್ಟೆ ಫ್ಯಾಕ್ಟರಿಗಳ ಕೆಲಸಗಾರರನ್ನು ಮಾತ್ರ ಮರುದಿನ ಒಳಗೆ ಕಳಿಸಿದರು. ಬಿರುಕು ಗುರುತಿಸುವುದನ್ನು ನಮಗೆ ಸ್ಟ್ರಕ್ಚರ್ಸ್ ತರಗತಿಯಲ್ಲಿ ಕಲಿಸುತ್ತಾರೆ. ಬಿರುಕು ಕಂಡ ಮೇಲೆ ಯಾರಿಗೆ ಬರೆದು ಕೊಡಬೇಕು, ಮಾತು ಕೇಳದಿದ್ದರೆ ಮುಂದೆ ಯಾರ ಹತ್ತಿರ ಹೋಗಬೇಕು, ಇದನ್ನೂ ಕಲಿಸಿ ಸರ್.

ಸ್ಟುಡಿಯೋ ಮೇಷ್ಟ್ರು

ಇಷ್ಟೊಂದು ಬರೆದ ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಓದಿ ಒಂದು ಕರಡು ಮಾಡಿಕೊಂಡಿದ್ದೇನೆ.

ಮೊದಲ ತಿಂಗಳು ಹಾಲ್ ಇಲ್ಲ, ಸ್ಲೈಡ್ ಇಲ್ಲ. ವರ್ಕ್‌ಶಾಪ್‌ನಲ್ಲಿ ಐದೈದು ಜನರ ಗುಂಪು. ಒಂದೊಂದು ಗುಂಪು ಒಂದೊಂದು ಮೆಷಿನ್, ಒಂದೊಂದು ವಸ್ತುವನ್ನು ತೆಗೆದುಕೊಂಡು ಅದರಿಂದ ಏನಾಗಬಹುದು, ಯಾಕೆ ಆಗುತ್ತದೆ ಅಂತ ಉಳಿದವರಿಗೆ ತೋರಿಸಬೇಕು. ಅಂಟು, ರೆಸಿನ್, ಪೇಂಟ್‌ಗಳ ಜೊತೆ ಬರುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ಭಾಗ ಇರುತ್ತವೆ. ಪೂರ್ತಿ ಓದಿಸುವುದಿಲ್ಲ. ಎರಡನೇ ಭಾಗದಲ್ಲಿ ಅಪಾಯ ಏನು, ನಾಲ್ಕರಲ್ಲಿ ಪ್ರಥಮ ಚಿಕಿತ್ಸೆ, ಎಂಟರಲ್ಲಿ ಯಾವ ಗ್ಲೌಸ್, ಯಾವ ಮಾಸ್ಕ್. ಈ ಮೂರನ್ನು ಹುಡುಕಿ ತೆಗೆಯಲು ಬಂದರೆ ಸಾಕು.

ಆಮೇಲೆ ಸ್ಟುಡಿಯೋ ಪ್ರಾಜೆಕ್ಟ್ ಒಳಗೇ ಮೂರು ಕಡೆ ನಿಲ್ಲಿಸಿ ನೋಡುತ್ತೇವೆ. ಪರಿಕಲ್ಪನೆಯ ಹಂತದಲ್ಲಿ, ಕಟ್ಟುವವರನ್ನು ಸೆಕ್ಷನ್‌ನಲ್ಲಿ ಬಿಡಿಸಬೇಕು. ಪ್ಲಾನ್ ಗಟ್ಟಿಯಾದ ಮೇಲೆ, ಒರೆಸುವವರು, ರಿಪೇರಿ ಮಾಡುವವರು. ಡೀಟೇಲ್ ಹಂತದಲ್ಲಿ, ವಸ್ತು ಕೊಯ್ಯುವವರು, ಹಚ್ಚುವವರು. ಪ್ರತಿ ಸಲ ಎರಡು ಟ್ರೇಸಿಂಗ್, ನಕ್ಷೆಗಾರ್ತಿ ಮೇಡಂ ಹೇಳಿದ ಹಾಗೆ. ಕೊನೆಯ ಜ್ಯೂರಿಗೆ ಮೇಸ್ತ್ರಿಯವರನ್ನು ಕರೆಸುತ್ತೇವೆ. ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು ಒಂದು ಮಧ್ಯಾಹ್ನ ‘ನಿಲ್ಲಿಸಿ’ ಅಂತ ಹೇಳುವ ಅಭ್ಯಾಸ, ಒಬ್ಬರು ಕಾಂಟ್ರಾಕ್ಟರ್ ಆಗಿ, ಒಬ್ಬರು ಇಂಟರ್ನ್ ಆಗಿ. ಜೊತೆಗೆ ಕಾಲೇಜಿನಲ್ಲಿ ಒಬ್ಬರ ಹೆಸರು, ಫೋನ್ ನಂಬರ್ ಕೊಟ್ಟು ಕಳಿಸುತ್ತೇವೆ. ಸೈಟ್‌ನಲ್ಲಿ ಅನುಮಾನ ಬಂದರೆ ವಿದ್ಯಾರ್ಥಿ ಅವರಿಗೆ ಹೇಳಿದರೆ ಸಾಕು, ಕಚೇರಿಯ ಜೊತೆ ಮಾತಾಡುವುದು ಕಾಲೇಜಿನ ಕೆಲಸ.

ಬಿಟ್ಟುಹೋದದ್ದು ಇದ್ದರೆ ತಿಳಿಸಿ.

ಸೈಟ್ ಸೇಫ್ಟಿ

ಚೆನ್ನಾಗಿದೆ ಮೇಷ್ಟ್ರೇ. ಕೆಡವುವವರು ಬಿಟ್ಟುಹೋಗಿದ್ದಾರೆ. ಹಳೇ ಕಟ್ಟಡಕ್ಕೆ ಹೊಸ ರೂಪ ಕೊಡುವ ಪ್ರಾಜೆಕ್ಟ್ ಕೊಟ್ಟರೆ ಮೊದಲು ಕೇಳಬೇಕಾದ್ದು ಈ ಸೂರಿನ ಶೀಟ್, ಪೈಪಿನ ಹೊದಿಕೆ, ಹಳೇ ಟೈಲ್ಸ್‌ನಲ್ಲಿ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇದೆಯಾ ಅಂತ. ಇದ್ದು, ಗಟ್ಟಿಯಾಗಿದ್ದರೆ ಮುಟ್ಟದೆ ಬಿಡುವುದೇ ಎಷ್ಟೋ ಸಲ ಒಳ್ಳೆಯದು. ಒಡೆದರೆ, ಕೊಯ್ದರೆ ನಾರು ಗಾಳಿಗೆ ಬರುತ್ತದೆ, ಅದರಿಂದ ಬರುವ ಕಾಯಿಲೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ. ಹಾಗಾಗಿ ಹಳೇ ಗೋಡೆಯಲ್ಲಿ ಹೊಸ ಬಾಗಿಲು ತೆರೆಯುವ ಮೊದಲು ಆ ಗೋಡೆಯಲ್ಲಿ ಏನಿದೆ ಅಂತ ತಿಳಿದುಕೊಳ್ಳಲಿ.

ಸ್ಟುಡಿಯೋ ಮೇಷ್ಟ್ರು

ಸೇರಿಸಿದೆ. ನಾಲ್ಕನೇ ಟ್ರೇಸಿಂಗ್ ಕೆಡವುವವರದ್ದು. ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟ್ ಹಳೇ ಗೋದಾಮೊಂದನ್ನು ಗ್ರಂಥಾಲಯ ಮಾಡುವುದು, ಹಾಗಾಗಿ ನಾಲ್ಕನೆಯದರಿಂದಲೇ ಶುರು ಮಾಡುತ್ತೇವೆ.